ಗುಡ್ಡದಿಂದ ಜಾರಿದ ಶೇಡಿ, ಹಟ್ಟಿಯ ನೆಲಕ್ಕೆ

ತಮ್ಮನ ಮನೆಯ ಹಿಂದಿನ ಗುಡ್ಡ ಜಾರಿದ್ದು ಆಟಿ ತಿಂಗಳ ಒಂದು ರಾತ್ರಿ, ಸುಮಾರು ಎರಡೂವರೆ ಗಂಟೆಗೆ. ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಒದ್ದೆ ಚಾಪೆಯನ್ನು ಯಾರೋ ನೆಲದ ಮೇಲೆ ಎಳೆದ ಹಾಗೆ ಕೇಳಿಸಿತು ಎಂದ. ಬೆಳಿಗ್ಗೆ ನಾನು ಉಡುಪಿಯಿಂದ ಹೋಗಿ ನೋಡುವಾಗ, ಹೊಸ ಹಟ್ಟಿಗೆಂದು (ದನದ ಕೊಟ್ಟಿಗೆಗೆಂದು) ಮುರಕಲ್ಲಿನಲ್ಲಿ, ಅಂದರೆ ಕೆಂಪು ಜಂಬಿಟ್ಟಿಗೆಯಲ್ಲಿ, ಕಟ್ಟಿದ್ದ ಅಡಿಪಾಯದ ಕಟ್ಟೆಯ ಮೇಲೆ ಮೊಣಕಾಲು ಮಟ್ಟ ಮಣ್ಣು ಕೂತಿತ್ತು. ದನ ಹಳೆಯ ಹಟ್ಟಿಯಲ್ಲೇ ಇದ್ದದ್ದು ಪುಣ್ಯ. ಗುಡ್ಡದ ಕಡಿದ ಮೈಯಲ್ಲಿ ಮೇಲೆ ಆರಡಿ ಮುರಕಲ್ಲು, ಅದರ ಕೆಳಗೆ ಬಿಳಿ, ತಿಳಿ ಹಳದಿ, ನಡುನಡುವೆ ಗುಲಾಬಿ ಪಟ್ಟೆಯ ಶೇಡಿ ಎಂಬ ಮೆದು ಜೇಡಿಮಣ್ಣು. ಆ ಗುಡ್ಡವನ್ನು ಅಷ್ಟು ನೆಟ್ಟಗೆ ಕಡಿಸಿದ್ದು ನಾನೇ. ಹದಿನಾರು ವರ್ಷದಿಂದ ಮನೆ ಕಟ್ಟಿಸುವ ಕೆಲಸ ಮಾಡುತ್ತಿದ್ದೇನೆ. ಶೇಡಿಯ ಗುಣ ನನಗೆ ಗೊತ್ತಿರಬೇಕಿತ್ತು. ಆ ತಪ್ಪು ಬಹಳ ದಿನ ಮನಸ್ಸನ್ನು ಕೊರೆಯಿತು.

ಕರಾವಳಿಯಲ್ಲಿ ಮಣ್ಣಿನ ಕೆಲಸ ಮಾಡಿದವರಿಗೆಲ್ಲ ಶೇಡಿ ಗೊತ್ತು. ಒಣಗಿದಾಗ ಹಾರೆಗೂ ಜಗ್ಗದಷ್ಟು ಗಟ್ಟಿ, ನೀರು ಕುಡಿದರೆ ಗಂಜಿ. ಕೊಂಕಣ ರೈಲಿನ ಹಳಿ ಹಾಕುವಾಗ ಇಂಥ ಮೆದು ಮಣ್ಣಿನ ಸುರಂಗಗಳು, ಕಡಿತಗಳು ಎಂಜಿನಿಯರುಗಳನ್ನು ಗೋಳು ಹೊಯ್ದುಕೊಂಡ ಕತೆಯನ್ನು ನಮ್ಮ ಕಡೆಯ ಹಳಬರು ಈಗಲೂ ಹೇಳುತ್ತಾರೆ. ರಸ್ತೆಯ ತಳಪಾಯಕ್ಕೆ ಇದನ್ನು ಸುಣ್ಣ, ಸಿಮೆಂಟು ಬೆರೆಸಿ ಗಟ್ಟಿ ಮಾಡುವುದು ಹೇಗೆಂದು ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ (ಎನ್‌ಐಟಿಕೆ) ಸಂಶೋಧನೆಗಳು ನಡೆದಿವೆ. ನಾವು ಸೈಟಿನಲ್ಲಿ ಇರುವವರು ಮಾತ್ರ ಅಷ್ಟೆಲ್ಲ ಯೋಚಿಸುವುದಿಲ್ಲ. ಶೇಡಿ ಬಂತು ಎಂದರೆ ಟಿಪ್ಪರ್ ತರಿಸಿ ಎಲ್ಲಿಗಾದರೂ ಸಾಗಿಸಿಬಿಡುತ್ತೇವೆ.

ನನಗೆ ಅದರ ಇನ್ನೊಂದು ಮುಖವೂ ಗೊತ್ತಿತ್ತು. ಅಮ್ಮನ ತವರು ಹೊನ್ನಾವರದ ಕಡೆ. ದೀಪಾವಳಿಗೆ ಅಲ್ಲಿ ದನಗಳ ಮೈಮೇಲೆ ಶೇಡಿ ಮತ್ತು ಕೆಮ್ಮಣ್ಣು ಕಲಸಿ ಅಚ್ಚು ಒತ್ತುತ್ತಿದ್ದರು. ಹಿಂದಿನ ದಿನ ಅಜ್ಜಿ ಶೇಡಿಯನ್ನು ಗಿಂಡಿಯಲ್ಲಿ ನೆನೆಸಿ, ತಳದ ಹೊಯ್ಗೆ (ಮರಳು) ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳುತ್ತಿದ್ದಳು. ಬೆರಳಿಗೆ ಹಾಲಿನ ಕೆನೆಯಂತೆ ತಾಗುತ್ತಿದ್ದ ಆ ತಿಳಿ ಏನು ಎಂಬುದು ಕಾಲೇಜಿನಲ್ಲೂ ಯಾರೂ ಹೇಳಿರಲಿಲ್ಲ. ಅದು ಬಹುಪಾಲು ಕೆಯೋಲಿನೈಟ್ ಎಂಬ ಜೇಡಿ ಖನಿಜ. ಪಿಂಗಾಣಿ ಮಾಡುವ ಬಿಳಿ ಮಣ್ಣಿನಲ್ಲಿ ಇರುವುದೂ ಅದೇ.

ಜಾರಿದ ಮಣ್ಣನ್ನು ಹೊರಗೆ ಹಾಕಿಸಲು ಹದಿನೆಂಟು ಲೋಡು ಆಗುತ್ತದೆ ಎಂದು ಟಿಪ್ಪರಿನವ ಲೆಕ್ಕ ಕೊಟ್ಟ ಹೊತ್ತಿನಲ್ಲೇ ನಾನು ಹೊಸ ಸಿಮೆಂಟಿನ ಮಾನಕವೊಂದನ್ನು ಓದುತ್ತಿದ್ದೆ. ಐಎಸ್ (ಭಾರತೀಯ ಮಾನಕ) 18189, 2023ರಲ್ಲಿ ಬಂದದ್ದು, ಸುಟ್ಟ ಜೇಡಿ ಮತ್ತು ಸುಣ್ಣದ ಕಲ್ಲು ಬೆರೆಸಿದ ಪೋರ್ಟ್‌ಲ್ಯಾಂಡ್ ಸಿಮೆಂಟಿನದು. ಎಲ್‌ಸಿ3 ಎಂದು ಜಗತ್ತಿನಲ್ಲಿ ಹೆಸರಾದದ್ದು ಈ ಬಗೆಯ ಸಿಮೆಂಟೇ. ಸ್ವಿಟ್ಜರ್‌ಲ್ಯಾಂಡಿನ ಇಪಿಎಫ್‌ಎಲ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕರೆನ್ ಸ್ಕ್ರಿವೆನರ್, ಕ್ಯೂಬಾದ ಸಾಂತಾ ಕ್ಲಾರಾದಲ್ಲಿ ಫರ್ನಾಂಡೊ ಮಾರ್ತಿರೆನಾ, ನಮ್ಮಲ್ಲಿ ದೆಹಲಿ ಮತ್ತು ಮದ್ರಾಸ್ ಐಐಟಿಗಳ ತಂಡಗಳು ಸೇರಿ ವರ್ಷಗಟ್ಟಲೆ ದುಡಿದು ರೂಪಿಸಿದ್ದು. ಅದರ ಪ್ರಸಿದ್ಧ ಪಾಕದಲ್ಲಿ ಕ್ಲಿಂಕರ್, ಅಂದರೆ ಸುಣ್ಣದ ಕಲ್ಲನ್ನು ಜೇಡಿಯೊಂದಿಗೆ ಸುಟ್ಟು ಮಾಡುವ ಸಿಮೆಂಟಿನ ಮೂಲ ಗಟ್ಟಿ, ನೂರಕ್ಕೆ 50 ಮಾತ್ರ; 30 ಸುಟ್ಟ ಜೇಡಿ, 15 ಸುಡದ ಸುಣ್ಣದ ಕಲ್ಲಿನ ಪುಡಿ, 5 ಜಿಪ್ಸಮ್. ಇದಕ್ಕೆ ಪಿಂಗಾಣಿಗೆ ಬೇಕಾದಂಥ ಶುದ್ಧ ಮಣ್ಣು ಬೇಡ, ಕೆಯೋಲಿನೈಟ್ ನೂರಕ್ಕೆ 40ರ ಆಸುಪಾಸು ಇದ್ದರೂ ಸಾಕು ಎಂದು ಓದಿದಾಗ ಕಿಟಕಿಯಾಚೆ ನೋಡಿದೆ. ಟಿಪ್ಪರಿನವನಿಗೆ ಫೋನು ಮಾಡಿ ಎರಡು ಲೋಡಿನಷ್ಟು ಬಿಡು, ಉಳಿದದ್ದು ಒಯ್ಯಿ ಎಂದೆ.

ಇದರ ಹಿಂದಿನ ರಸಾಯನ ನನಗೆ ಅರ್ಥವಾದ ಬಗೆಯಲ್ಲಿ ಹೇಳುತ್ತೇನೆ. ಸಿಮೆಂಟಿಗೆ ನೀರು ಬಿದ್ದಾಗ ಮುಖ್ಯವಾಗಿ ಎರಡು ವಸ್ತು ಹುಟ್ಟುತ್ತವೆ. ಒಂದು, ಜಲ್ಲಿ ಹೊಯ್ಗೆಯನ್ನು ಹಿಡಿದಿಡುವ ಅಂಟು, ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್. ಇನ್ನೊಂದು ಅರಳಿದ ಸುಣ್ಣ; ಇದು ಬಲಕ್ಕೆ ಹೆಚ್ಚೇನೂ ಕೊಡದೆ ಸಂದುಗಳಲ್ಲಿ ಕೂತಿರುತ್ತದೆ. ಜೇಡಿಯನ್ನು ಹದವಾಗಿ ಸುಟ್ಟರೆ ಅದರ ಹರಳಿನೊಳಗೆ ಬೆಸೆದುಕೊಂಡಿದ್ದ ನೀರು ಹೊರಬಿದ್ದು, ಅಚ್ಚುಕಟ್ಟಾಗಿದ್ದ ಪದರಗಳು ಚೆದುರುತ್ತವೆ. ಆ ಚೆದುರಿದ ಸ್ಥಿತಿಯೇ ಮೆಟಾಕೆಯೋಲಿನ್. ಅದು ಸಂದಿನ ಸುಣ್ಣವನ್ನು ತಿಂದು ಮತ್ತಷ್ಟು ಅಂಟನ್ನು ಮಾಡುತ್ತದೆ. ಜೇಡಿಯ ಅಲ್ಯುಮಿನಾ ಸುಣ್ಣದ ಕಲ್ಲಿನ ಪುಡಿಯ ಜೊತೆಗೂ ಸೇರಿ ಇನ್ನೊಂದಿಷ್ಟು ಹರಳು ಕಟ್ಟುತ್ತದೆ. ರೋಮನ್ನರು ನೇಪಲ್ಸ್ ಹತ್ತಿರದ ಪೊಜ್ಜುವೋಲಿಯ ಜ್ವಾಲಾಮುಖಿ ಬೂದಿಯನ್ನು ಸುಣ್ಣಕ್ಕೆ ಬೆರೆಸಿದ್ದೂ ಇಂಥ ಗುಣಕ್ಕಾಗಿಯೇ. ಪೊಜೊಲಾನ ಎಂಬ ಹೆಸರು ಆ ಊರಿನದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಸಣ್ಣ ಲೆಕ್ಕ. ಸಿಮೆಂಟಿನ ಕ್ಲಿಂಕರಿಗಾಗಿ 100 ಕೆ.ಜಿ. ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಇದು ಉರುವಲಿನ ಹೊಗೆಯಲ್ಲ, ಕಲ್ಲಿನೊಳಗಿನದೇ. 100 ಕೆ.ಜಿ. ಕೆಯೋಲಿನೈಟ್ ಸುಟ್ಟರೆ ಹೋಗುವುದು 14 ಕೆ.ಜಿ. ನೀರಿನ ಆವಿ. ಕ್ಲಿಂಕರಿಗೆ ಬೇಕಾದ ಶಾಖ 1450 ಡಿಗ್ರಿ, ಜೇಡಿ ಸುಡಲು 700ರಿಂದ 850. ಸಾವಿರಾರು ಚೀಲ ಸಿಮೆಂಟು ಸುರಿಸಿದ ಕೈ ನನ್ನದು. ಈ ಲೆಕ್ಕವನ್ನು ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡೆ.

ಮೊದಲ ಪ್ರಯೋಗ ಶೇಡಿಯದಲ್ಲ, ಹೆಂಚಿನದು. ಹಳೆಯ ಮನೆ ಕಳಚಿದಾಗ ಉಳಿದ ಮಂಗಳೂರು ಹೆಂಚಿನ ಚೂರು ರಾಶಿ ಬಿದ್ದಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನೇತ್ರಾವತಿ ದಂಡೆಯ ಆವೆಮಣ್ಣು ಹೆಂಚಾಗಿ ಊರೂರು ತಲುಪಿದೆ. ಸುಟ್ಟ ಜೇಡಿಯೇ ತಾನೇ, ಪುಡಿ ಮಾಡಿದರೆ ಸುಣ್ಣದ ಗಾರೆಗೆ ಬೆರೆಸುವ ಸುರ್ಕಿ ಆಗುತ್ತದೆ ಎಂದುಕೊಂಡೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದೇ ಸುರ್ಕಿ ಗಾರೆಯಲ್ಲಿ, ಇಂದಿಗೂ ಕಾವೇರಿಯನ್ನು ತಡೆದು ನಿಂತಿದೆ. ಹೆಂಚನ್ನು ಕುಟ್ಟಿಸಿ, ಜರಡಿ ಹಿಡಿದು, ಅಂಗಡಿಯಲ್ಲಿ ಸಿಕ್ಕ ಸಿಮೆಂಟಿನ ಕಾಲು ಭಾಗ ತೆಗೆದು ಆ ಜಾಗಕ್ಕೆ ಹಾಕಿ, ಬಲ ಪರೀಕ್ಷಿಸುವ ಆರು ಕ್ಯೂಬು (ಚೌಕ ಅಚ್ಚು) ಹೊಯ್ದೆವು. ಏಳನೇ ದಿನ ಅಚ್ಚಿನ ಅಂಚು ಉಗುರಿಗೆ ಉದುರಿತು. 28ನೇ ದಿನವೂ ಯಂತ್ರಕ್ಕೆ ಇಡಲು ಮನಸ್ಸಾಗದಷ್ಟು ಮೆದು.

ಆ ಒಂದು ಸೋಲಿನಲ್ಲಿ ಎರಡು ಕಾರಣ ಹೆಣೆದುಕೊಂಡಿದ್ದವು, ಬಿಡಿಸಲು ತಿಂಗಳು ಹಿಡಿಯಿತು. ಹೆಂಚು ಹೆಚ್ಚು ಬೆಂದಿತ್ತು. ಶಾಖ 900 ದಾಟಿ ಮೇಲೇರಿದಂತೆ ಚೆದುರಿದ ಪದರಗಳು ಮತ್ತೆ ಬೇರೆ ಹರಳಾಗಿ ಕೂಡಿಕೊಳ್ಳುತ್ತವೆ, ಆಮೇಲೆ ಸುಣ್ಣದ ಜೊತೆ ಮಾತೇ ಆಡುವುದಿಲ್ಲ. ಮಳೆಗೆ ನೂರು ವರ್ಷ ನಿಲ್ಲಬೇಕಾದ ಹೆಂಚಿಗೆ ಆ ಗಟ್ಟಿತನ ಬೇಕೇ ಬೇಕು. ಗಾರೆಗೆ ಬೇಕಾದದ್ದು ಅದಕ್ಕಿಂತ ಕಡಿಮೆ ಬೆಂದದ್ದು. ಎರಡನೆಯದು ಸಿಮೆಂಟಿನದೇ ತಪ್ಪು. ಚೀಲದ ಮೇಲೆ ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಜೊಲಾನ ಸಿಮೆಂಟು, ಎಂದಿತ್ತು. ಪಿಪಿಸಿಯಲ್ಲಿ ಕಾರ್ಖಾನೆಯವರೇ ನೂರಕ್ಕೆ 15ರಿಂದ 35ರವರೆಗೆ ಕಲ್ಲಿದ್ದಲಿನ ಹಾರುಬೂದಿ ಬೆರೆಸಿರುತ್ತಾರೆ. ಹುಟ್ಟುವ ಸುಣ್ಣವನ್ನು ಆ ಬೂದಿಯೇ ತಿನ್ನುತ್ತದೆ. ಎರಡನೇ ಪಂಕ್ತಿಗೆ ಕೂತವರಿಗೆ ಬಡಿಸಲು ಏನೂ ಉಳಿದಿರುವುದಿಲ್ಲ. ಇದನ್ನು ಸೈಟಿನಲ್ಲಿ ಇರುವವರಿಗೆ ಒತ್ತಿ ಹೇಳಬೇಕು: ಬೇರೆ ಖನಿಜ ಬೆರೆಸುವುದಾದರೆ ಏನೂ ಬೆರೆಸದ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿನ (ಓಪಿಸಿ) ಚೀಲವನ್ನೇ ಹುಡುಕಿ ತನ್ನಿ. ನಮ್ಮ ಕಡೆ ಅದು ಸುಲಭವಾಗಿ ಸಿಗದು. ನನಗೆ ಮೂರು ಅಂಗಡಿ ತಿರುಗಿದ ಮೇಲೆ ಹೇಳಿ ತರಿಸಿಕೊಳ್ಳಬೇಕಾಯಿತು.

ಶೇಡಿಯಲ್ಲಿ ಕೆಯೋಲಿನೈಟ್ ಎಷ್ಟಿದೆ ಎಂದು ತಿಳಿಯಲು ದೊಡ್ಡ ಯಂತ್ರವೇ ಬೇಕೆಂದುಕೊಂಡಿದ್ದೆ. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವ ಗೆಳತಿಯೊಬ್ಬಳು ತಕ್ಕಡಿಯಲ್ಲೇ ಅಂದಾಜು ಹಿಡಿಯುವ ದಾರಿ ತೋರಿಸಿದಳು. ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು. ಬಳಿಕ 400 ಡಿಗ್ರಿಗೆ ಕಾಯಿಸಿ ಇನ್ನೊಮ್ಮೆ ತೂಗಬೇಕು. ಹಳದಿ ಬಣ್ಣ ಕೊಡುವ ಕಬ್ಬಿಣದ ಖನಿಜದ ನೀರು ಅಷ್ಟರೊಳಗೆ ಹೋಗಿರುತ್ತದೆ. ಆಮೇಲೆ 800 ಡಿಗ್ರಿ. 400ರಿಂದ 800ರ ನಡುವೆ ಇಳಿದ ತೂಕವೇ ಹೆಚ್ಚಾಗಿ ಕೆಯೋಲಿನೈಟಿನ ನೀರು. ಶುದ್ಧವಾಗಿದ್ದರೆ ನೂರಕ್ಕೆ 14 ಇಳಿಯಬೇಕು. ಗುಡ್ಡದಿಂದ ಹಾಗೆಯೇ ತಂದ ನಮ್ಮ ಮಣ್ಣು ನೂರಕ್ಕೆ ಏಳರಷ್ಟು ಇಳಿಯಿತು. ಅಂದರೆ ಅರ್ಧದಷ್ಟು ಕೆಯೋಲಿನೈಟ್, ಉಳಿದದ್ದು ಹೊಯ್ಗೆಯ ನುಣುಪು ಮತ್ತು ಕಬ್ಬಿಣ. ಅಜ್ಜಿ ಮಾಡುತ್ತಿದ್ದ ಹಾಗೆ ನೀರಲ್ಲಿ ಕದಡಿ ತಿಳಿ ಬಗ್ಗಿಸಿದ್ದು ಇನ್ನೂ ಹೆಚ್ಚು ಇಳಿಯಿತು. ಆದರೆ ನೂರಾರು ಕೆ.ಜಿ. ಮಣ್ಣನ್ನು ತೊಳೆದು ಒಣಗಿಸುವುದು ನಮ್ಮ ಹವೆಯಲ್ಲಿ ಆಗುವ ಕೆಲಸವಲ್ಲ. ಹಾಗೆಯೇ ಸುಡುವುದೆಂದು ತೀರ್ಮಾನಿಸಿದೆ.

ಸುಡುವುದೇ ಈ ಇಡೀ ಕೆಲಸದ ಜೀವ. ಹತ್ತಿರದ ಊರಿನಲ್ಲಿ ಒಬ್ಬ ಕುಂಬಾರ ಹಿರಿಯರಿದ್ದಾರೆ. ಈಗ ಹೂಕುಂಡ, ಹಣತೆ, ಮೀನು ಬೇಯಿಸುವ ಮಡಕೆ ಮಾಡುತ್ತಾರೆ. ವಿಷಯ ಕೇಳಿದವರೇ ಒಂದು ಹಿಡಿ ಶೇಡಿ ತೆಗೆದು ನಾಲಗೆಗೆ ಮುಟ್ಟಿಸಿ, "ಇದು ಪಾತ್ರೆಗೆ ಬರುದಿಲ್ಲ, ಒಡಿತದೆ. ಸುಟ್ಟು ಪುಡಿ ಮಾಡ್ಲಿಕ್ಕಾದ್ರೆ ಅಡ್ಡಿಲ್ಲ" ಎಂದರು. ಪುಡಿಯನ್ನು ಆವಿಗೆಯಲ್ಲಿ (ಮಡಕೆ ಸುಡುವ ಗೂಡಿನಲ್ಲಿ) ಸುಡಲಾಗದು, ಬೆಂಕಿಯ ಉಸಿರು ಒಳಗೆ ಹೋಗುವುದಿಲ್ಲ. ಒದ್ದೆ ಮಾಡಿ ಉಂಡೆ ಕಟ್ಟಬೇಕು. ಮೊದಲ ಸಲ ಕೆಲಸ ಬೇಗ ಮುಗಿಯಲೆಂದು ತೆಂಗಿನಕಾಯಿ ಗಾತ್ರದ ಉಂಡೆ ಕಟ್ಟಿದೆವು. ಆವಿಗೆ ತಣಿದ ಮೇಲೆ ಒಡೆದು ನೋಡಿದರೆ ಒಂದೇ ಉಂಡೆಯೊಳಗೆ ಮೂರು ಮಣ್ಣು. ಹೊರಗೆ ಬೆಂಕಿ ತಾಗಿದ ಕಡೆ ಇಟ್ಟಿಗೆ ಕೆಂಪು, ಬಡಿದರೆ ಟಣ್ ಎನ್ನುವ ಚಿಪ್ಪು. ಅದರೊಳಗೆ ತಿಳಿ ಗುಲಾಬಿ, ಬೆರಳಿಗೆ ಪುಡಿಯಾಗುವ ಪದರ. ನಡುವಿನಲ್ಲಿ ಮಾಸಲು ಬಿಳಿಯ ತಿರುಳು. ತಿರುಳನ್ನು ನೀರಿಗೆ ಹಾಕಿದೆ. ಕ್ಷಣದಲ್ಲಿ ಕರಗಿ ಜಾರು ಕೆಸರಾಯಿತು, ಅಂದರೆ ಅದು ಇನ್ನೂ ಶೇಡಿಯೇ. ಗುಲಾಬಿ ಪದರವನ್ನು ನೀರಿಗೆ ಹಾಕಿ ತಿಕ್ಕಿದರೆ ತರಿಯಾಗುತ್ತದೆ, ಜಾರುವುದಿಲ್ಲ, ಅಂಟುವುದಿಲ್ಲ. ಒಮ್ಮೆ ಒಳನೀರು ಹೋದ ಜೇಡಿ ಎಷ್ಟು ನೀರು ಕುಡಿಸಿದರೂ ಮತ್ತೆ ಜೇಡಿಯಾಗದು. ನಮಗೆ ಬೇಕಾದದ್ದು ಆ ನಡುಪದರ ಮಾತ್ರ.

ಎರಡನೇ ಸಲ ಲಿಂಬೆ ಗಾತ್ರದ ಉಂಡೆ. ತಮ್ಮ, ಅವನ ಹೆಂಡತಿ, ಮಕ್ಕಳು, ನಾನು, ನಾಲ್ಕು ದಿನ ಜಗಲಿಯಲ್ಲಿ ಕೂತು ಕಟ್ಟಿದೆವು. ಒಣಗಿದ ತೂಕ ಸುಮಾರು 300 ಕೆ.ಜಿ. ಹಿರಿಯರು ಉಂಡೆಗಳನ್ನು ಒಡಕು ಮಡಕೆಗಳಲ್ಲಿ ತುಂಬಿ, ಬೆಂಕಿ ನೇರ ತಾಗದ ಹಾಗೆ ಆವಿಗೆಯೊಳಗೆ ಜೋಡಿಸಿದರು. ನಾನು ಶಾಖ ಅಳೆಯುವ ಕೆ ಮಾದರಿಯ ಎರಡು ಥರ್ಮೋಕಪಲ್ ಕಡ್ಡಿ ತರಿಸಿ ಒಂದನ್ನು ಕೆಳಗೆ, ಒಂದನ್ನು ಮೇಲಿನ ಸಾಲಿನಲ್ಲಿ ಇಟ್ಟೆ. ಉರುವಲಿಗೆ ತೆಂಗಿನ ಮಡಲು, ಗೆರಟೆ, ಒಂದಿಷ್ಟು ಗಾಳಿ ಮರದ ಸೌದೆ. ಸಂಜೆ ಆರಕ್ಕೆ ಬೆಂಕಿ ಕೊಟ್ಟದ್ದು. ಒಂಬತ್ತರ ಹೊತ್ತಿಗೆ ಕೆಳಗಿನ ಮೀಟರು 640 ತೋರಿಸಿತು, ಮೇಲಿನದು 480. ಹಿರಿಯರು ಮೀಟರ್ ನೋಡಲೇ ಇಲ್ಲ. ಗೂಡಿನ ಕಿಂಡಿಯಲ್ಲಿ ಕಣ್ಣಿಟ್ಟು, "ಈಗ ಮಾಗಿದ ಕೋಕಮ್ ಬಣ್ಣ. ದಾಸವಾಳದ ಬಣ್ಣ ಬಂದ್ರೆ ಸಾಕು, ಕಿತ್ತಳೆಗೆ ಹೋಗುದು ಬೇಡ ಅಲ್ವ?" ಎಂದು ಕೇಳಿದರು. ದಾಸವಾಳ ಬಂದಾಗ ಮೀಟರು 760. ಅಲ್ಲಿಂದ ಮೂರು ಗಂಟೆ, ಮಡಲು ಕೊಡುವುದು, ತೆಗೆಯುವುದು, ಕಿಂಡಿಗೆ ಹಸಿ ಮಣ್ಣು ಮೆತ್ತುವುದು. 700ರಿಂದ 820ರ ನಡುವೆ ಹಿಡಿದುಕೊಂಡರು. ನನ್ನ ವೃತ್ತಿಯಲ್ಲಿ ಇಷ್ಟು ನಿಖರ ಕಣ್ಣು ನಾನು ಕಂಡದ್ದು ಕಡಿಮೆ. ಅವರ ಮಕ್ಕಳು ಈ ಕೆಲಸ ಬಿಟ್ಟಿದ್ದಾರೆ ಎಂದು ಆ ರಾತ್ರಿಯೇ ತಿಳಿದದ್ದು.

ಬೆಳಿಗ್ಗೆ ತೆಗೆದಾಗ ಹತ್ತರಲ್ಲಿ ಎಂಟು ಉಂಡೆ ಒಳಗೂ ಹೊರಗೂ ಒಂದೇ ಗುಲಾಬಿ. ಉಳಿದದ್ದನ್ನು ಆರಿಸಿ ಬಿಸಾಡಿದೆವು. ಪುಡಿ ಮಾಡಲು ಮಸಾಲೆ ಮಿಲ್ಲಿನವರು ಒಪ್ಪಲಿಲ್ಲ, ಒಪ್ಪದ್ದು ಸರಿಯೇ. ಗೆಳತಿಯ ಕಾಲೇಜಿನ ಲ್ಯಾಬಿನಲ್ಲಿ ಜಲ್ಲಿಯ ಸವೆತ ನೋಡುವ ಲಾಸ್ ಏಂಜಲೀಸ್ ಯಂತ್ರವಿದೆ, ಉಕ್ಕಿನ ಗುಂಡುಗಳಿರುವ ಉರುಳೆ. ರಜೆಯಲ್ಲಿ ಅನುಮತಿ ಕೇಳಿ, ಸಲಕ್ಕೆ ಹತ್ತು ಕೆ.ಜಿ. ಹಾಕಿ, ಹತ್ತು ದಿನ ತಿರುಗಿಸಿದೆವು. ಸಿಮೆಂಟಿನ ನುಣುಪು ನೋಡುವ 90 ಮೈಕ್ರಾನ್ ಜರಡಿಯಲ್ಲಿ ಕೈಯಾಡಿಸಿ, ಇಳಿದದ್ದನ್ನಷ್ಟೇ ಚೀಲಕ್ಕೆ ತುಂಬಿದೆ. ಮುಖಕ್ಕೆ ಮಾಸ್ಕ್ ಇಲ್ಲದೆ ಆ ಕೋಣೆಗೆ ಯಾರನ್ನೂ ಬಿಡಲಿಲ್ಲ. ಶೇಡಿಯಲ್ಲಿ ಕ್ವಾರ್ಟ್ಸಿನ ನುಣ್ಣನೆ ಧೂಳು ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಮರಳಿ ಬರುವುದಿಲ್ಲ.

ಕಾಂಕ್ರೀಟಿಗೆ ಕೈ ಹಾಕುವ ಮೊದಲು ಹಳೆಯ ಕಾಲದ ಪರೀಕ್ಷೆ ಮಾಡಿದೆ. ಚಿಪ್ಪಿ ಸುಣ್ಣವನ್ನು ನೀರಲ್ಲಿ ಅರಳಿಸಿ, ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಗುಲಾಬಿ ಪುಡಿ ಕಲಸಿ ಉಂಡೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಮೂರು ದಿನ ಸುತ್ತಿಟ್ಟು, ನಾಲ್ಕನೇ ದಿನ ನೀರಿನ ಬಕೆಟಿಗೆ ಬಿಟ್ಟೆ. ಪಕ್ಕದಲ್ಲಿ ಹಸಿ ಶೇಡಿ–ಸುಣ್ಣದ ಉಂಡೆ, ಇನ್ನೊಂದು ಕಡೆ ಹೆಂಚಿನ ಪುಡಿಯದು. ಹಸಿ ಶೇಡಿಯದು ಸಂಜೆಯೊಳಗೆ ಕದಡಿತು. ಹೆಂಚಿನದು ನಿಂತಿತು, ಆದರೆ ಉಗುರಿಗೆ ಗೀರು ಬೀಳುತ್ತಿತ್ತು. ಗುಲಾಬಿಯದು ಎರಡು ವಾರಕ್ಕೆ ನೆಲಕ್ಕೆ ಎಸೆದರೂ ಒಡೆಯಲಿಲ್ಲ. ನೀರಿನೊಳಗೆ ಕಲ್ಲಾಗುತ್ತಿರುವ ಶೇಡಿಯನ್ನು ಕೈಯಲ್ಲಿ ಹಿಡಿದು ಆವತ್ತು ನನಗೆ ನಿಜಕ್ಕೂ ಕಣ್ಣು ತುಂಬಿತು. ನೀರು ಕಂಡರೆ ಕರಗಿ ಜಾರಿ ಹಟ್ಟಿಯನ್ನು ಹೂತ ಮಣ್ಣು ಅದೇ.

ಪಾಕ ಹೀಗಿತ್ತು. ಒಂಬತ್ತು ಕ್ಯೂಬಿಗೆ ಒಟ್ಟು ಅಂಟುಪುಡಿ 12 ಕೆ.ಜಿ. ಅದರಲ್ಲಿ ಓಪಿಸಿ 8.4, ಸುಟ್ಟ ಶೇಡಿ 2.4, ಸುಣ್ಣದ ಕಲ್ಲಿನ ಪುಡಿ 1.2. ಅಂದರೆ ಸಿಮೆಂಟಿನ ನೂರಕ್ಕೆ 30 ತೆಗೆದು, ಆ ಜಾಗದಲ್ಲಿ ಎರಡಕ್ಕೆ ಒಂದರಂತೆ ಜೇಡಿ ಮತ್ತು ಸುಣ್ಣದ ಕಲ್ಲು. ಈ ಪುಡಿ ಸುಡದ ಕಲ್ಲಿನದೇ ಆಗಿರಬೇಕು, ತೋಟಕ್ಕೆ ಹಾಕುವ ಸುಟ್ಟ ಸುಣ್ಣ ಅಲ್ಲ. ಚಿಟಿಕೆಯಷ್ಟು ಜಿಪ್ಸಮ್ ಕೂಡ ಸೇರಿಸಿದೆ, ಏಕೆಂದರೆ ಜೇಡಿಯಿಂದ ಅಲ್ಯುಮಿನಾ ಹೆಚ್ಚಾದಾಗ ಸಿಮೆಂಟಿನಲ್ಲಿ ಮೊದಲೇ ಇರುವ ಜಿಪ್ಸಮ್ ಸಾಲದೆ ಹೋಗುತ್ತದೆ. ನೀರು ಆರು ಲೀಟರು ಎಂದು ಲೆಕ್ಕ ಹಾಕಿದ್ದೆ.

ಆರು ಲೀಟರು ಸಾಲಲಿಲ್ಲ. ಮೇಸ್ತ್ರಿ ಸಲಿಕೆ ಊರಿ, "ಎಂಥದು ಅಕ್ಕ ಇದು, ಹಲಸಿನ ಹಣ್ಣಿನ ಮೇಣದ ಹಾಗೆ ಅಂಟ್ತದೆ, ಹರಿಯುದೇ ಇಲ್ಲ" ಎಂದರು. ಜೇಡಿಯ ಕಣ ಹಾಳೆಯಂತೆ ಚಪ್ಪಟೆ, ಮೈ ಬಹಳ. ನೀರನ್ನೆಲ್ಲ ಮೈಗೆ ಹಚ್ಚಿಕೊಂಡು ಕೂರುತ್ತದೆ. ನಾನು ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಅವರು ಒಂದೂವರೆ ಲೀಟರು ನೀರು ಹಾಕಿ ಆಗಿತ್ತು. ಅವರನ್ನು ದೂರುವಂತಿಲ್ಲ, ಜೀವನಪೂರ್ತಿ ಕಾಂಕ್ರೀಟಿನ ಹದವನ್ನು ಸಲಿಕೆಯಲ್ಲೇ ಅಳೆದವರು. ಆ ಕ್ಯೂಬುಗಳು ಏನಾದವು ಎಂದರೆ, ಏಳನೇ ದಿನಕ್ಕೆ ಬರಿಯ ಓಪಿಸಿಯದರ ಅರ್ಧವನ್ನೂ ಮುಟ್ಟಲಿಲ್ಲ. ಮರುವಾರ ಪಾಲಿಕಾರ್ಬಾಕ್ಸಿಲೇಟ್ ದ್ರವ ತರಿಸಿದೆ, ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲಿಸುವಂಥದ್ದು. ನೂರು ಗ್ರಾಮಿನಷ್ಟು ಹಾಕಿ ಎರಡು ನಿಮಿಷ ಹೆಚ್ಚು ಕಲಸಿದಾಗ ಅದೇ ಆರು ಲೀಟರಿನಲ್ಲಿ ಗಾರೆ ದೋಸೆ ಹಿಟ್ಟಿನಂತೆ ಬಿಟ್ಟುಕೊಂಡಿತು. ಮೇಸ್ತ್ರಿ ಸಲಿಕೆಯಲ್ಲಿ ಎರಡು ಸಲ ಮಗುಚಿ ನೋಡಿ ತಲೆಯಾಡಿಸಿದರು. ಆವತ್ತಿನಿಂದ ನೀರಿನ ಅಳತೆ ಡಬ್ಬಿಯನ್ನು ಅವರೇ ಕೈಯಲ್ಲಿ ಇಟ್ಟುಕೊಂಡಿರುತ್ತಾರೆ.

ಮೂರನೇ ದಿನ ಶೇಡಿಯ ಕ್ಯೂಬು ಹಿಂದಿತ್ತು. ಏಳನೇ ದಿನ ಅಂತರ ಬಹಳ ಕಡಿಮೆಯಾಗಿತ್ತು. 28ನೇ ದಿನ ಮೂರು ಮೂರು ಕ್ಯೂಬನ್ನು ಯಂತ್ರಕ್ಕಿಟ್ಟೆವು. 150 ಮಿಲಿಮೀಟರ್ ಕ್ಯೂಬು 450 ಕಿಲೋನ್ಯೂಟನ್ ಹೊತ್ತರೆ ಎಂ20 ದರ್ಜೆಯ ಕಾಂಕ್ರೀಟಿನ ಗೆರೆ. ಶೇಡಿಯ ಮೂರೂ ಆ ಗೆರೆಯನ್ನು ಆರಾಮವಾಗಿ ದಾಟಿದವು. ಎರಡು ಓಪಿಸಿಯ ಮಟ್ಟದಲ್ಲೇ ಒಡೆದವು, ಒಂದು ತುಸು ಕೆಳಗೆ. ಒಡೆದ ಮುಖ ತಿಳಿ ಗುಲಾಬಿ, ನುಣುಪು. ಜಲ್ಲಿ ಗಾರೆಯಿಂದ ಕಿತ್ತು ಬಂದಿರಲಿಲ್ಲ, ಜಲ್ಲಿಯೇ ಸೀಳಿತ್ತು.

ಇಷ್ಟಾದರೂ ತಮ್ಮನ ಮನೆಯ ಸ್ಲಾಬಿಗೂ ಬೀಮಿಗೂ ನಾನು ಇದನ್ನು ಹಾಕಲಿಲ್ಲ. ಅವನು ಕೇಳಿದ, ನಾನು ಒಪ್ಪಲಿಲ್ಲ. ಕಾಂಕ್ರೀಟು ಕೆಲಸದ ಮಾನಕ ಐಎಸ್ 456 ಖನಿಜ ಮಿಶ್ರಣಕ್ಕೆ ಅವಕಾಶ ಕೊಡುತ್ತದೆ, ಆದರೆ ಆ ಖನಿಜ ತನ್ನ ಮಾನಕಕ್ಕೆ ಹೊಂದಿರಬೇಕು. ಒಂದು ಆವಿಗೆಯ ಮಣ್ಣು ಇನ್ನೊಂದರ ಹಾಗಿರುವುದಿಲ್ಲ. ಹತ್ತರಲ್ಲಿ ಎರಡು ಉಂಡೆ ಕೆಟ್ಟಿದ್ದನ್ನು ನಾನೇ ಕಂಡಿದ್ದೇನೆ. ಜನರ ತಲೆಯ ಮೇಲೆ ನಿಲ್ಲುವ ಕಾಂಕ್ರೀಟಿಗೆ ಕಾರ್ಖಾನೆಯಲ್ಲಿ ಅಳೆದು ಬೆರೆಸಿದ ಸಿಮೆಂಟೇ ಬೇಕು. ಐಎಸ್ 18189ರ ಚೀಲ ನಮ್ಮ ಅಂಗಡಿಗಳಿಗೆ ಬಂದ ದಿನ ಸ್ಲಾಬಿಗೂ ಹಾಕುತ್ತೇನೆ. ಅಲ್ಲಿಯವರೆಗೆ ನೆಲ, ದಾರಿ, ಗಿಡದ ಕಟ್ಟೆ, ಗೊಬ್ಬರ ಗುಂಡಿಯ ತಳ.

ಹಟ್ಟಿಯ ನೆಲ 20 ಅಡಿಗೆ 12 ಅಡಿ, ನಾಲ್ಕು ಇಂಚು ದಪ್ಪ. ಸುಮಾರು 140 ಕೆ.ಜಿ. ಸುಟ್ಟ ಶೇಡಿ ಹಿಡಿಯಿತು. ಒಂದೇ ದಿನದಲ್ಲಿ ಹಾಕಿ ಮುಗಿಸಿದೆವು. ಹಲಗೆಯಲ್ಲಿ ಮಟ್ಟ ಮಾಡುವಾಗ ಮೇಲೆ ನೀರು ತೇಲಿ ಬರಲಿಲ್ಲ, ಮೇಸ್ತ್ರಿಗೆ ಅದು ಹೊಸತು. ಹಾಗೆಂದೇ ಬಿಸಿಲಿಗೆ ಮೇಲ್ಮೈ ಬೇಗ ಒಣಗಿ ಕೂದಲೆಳೆ ಬಿರುಕು ಬಿಡುವ ಅಪಾಯವಿದೆ. ಒಂದು ಮೂಲೆಯಲ್ಲಿ ಹಾಗೆ ಆಗಿಯೂ ಹೋಯಿತು. ಉಳಿದ ಕಡೆ ತಕ್ಷಣ ಒದ್ದೆ ಗೋಣಿ ಹೊದೆಸಿದೆವು. ಬರಿಯ ಓಪಿಸಿಗೆ ಏಳು ದಿನ ನೀರು ಸಾಕು, ಖನಿಜ ಬೆರೆಸಿದ್ದಕ್ಕೆ ಕನಿಷ್ಠ ಹತ್ತು ಎನ್ನುತ್ತದೆ ಐಎಸ್ 456. ನಾವು ಹದಿನಾಲ್ಕು ದಿನ ಭತ್ತದ ಹುಲ್ಲು ಹಾಸಿ ನೀರು ಹೊಡೆದೆವು. ನಿಧಾನವಾಗಿ ಕೆಲಸ ಮಾಡುವ ಈ ಮಣ್ಣಿಗೆ ನೀರನ್ನು ಬೇಗ ನಿಲ್ಲಿಸಿದರೆ ಅಲ್ಲಿಗೆ ಅದರ ಕೆಲಸವೂ ನಿಂತಂತೆ. ಒಣಗಿದ ಮೇಲೆ ನೆಲಕ್ಕೆ ಹಳೆಯ ಮನೆಗಳ ಕಾವಿ ನೆಲವನ್ನು ನೆನಪಿಸುವ ಬಣ್ಣ ಬಂತು, ಅಷ್ಟು ಗಾಢವಲ್ಲ, ಎಳೆಯ ಕಾವಿ. ತಮ್ಮನ ಹೆಂಡತಿ ಜಗಲಿಗೂ ಇದನ್ನೇ ಹಾಕಿಸೋಣ ಎಂದಳು.

ನನ್ನ ಆಸೆ ಇದ್ದದ್ದು ಬೇರೊಂದು ಪರೀಕ್ಷೆಯ ಮೇಲೆ. ಕಡಲಿನಿಂದ ಎರಡು ಮೈಲಿಯೊಳಗಿನ ಮನೆಗಳಲ್ಲಿ ಹದಿನೈದು ವರ್ಷಕ್ಕೆ ಸನ್‌ಶೇಡಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಹೆಕ್ಕಳಿಕೆಯಾಗಿ ಬೀಳುವುದನ್ನು ಎಷ್ಟು ಕಡೆ ದುರಸ್ತಿ ಮಾಡಿಸಿದ್ದೇನೋ ಲೆಕ್ಕವಿಲ್ಲ. ಉಪ್ಪಿನ ಕ್ಲೋರೈಡು ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಇಳಿದು ಸರಳನ್ನು ಮುಟ್ಟುತ್ತದೆ. ಸುಟ್ಟ ಜೇಡಿಯ ಕಾಂಕ್ರೀಟಿನಲ್ಲಿ ಆ ರಂಧ್ರಗಳು ಬಹಳ ಕಿರಿದಾಗುವುದರಿಂದ ಉಪ್ಪು ನಿಧಾನವಾಗಿ ಇಳಿಯುತ್ತದೆ. ಜಗತ್ತಿನ ಪ್ರಯೋಗಶಾಲೆಗಳು ಈ ಬಗೆಯ ಸಿಮೆಂಟಿನಲ್ಲಿ ಕಂಡ ದೊಡ್ಡ ಗುಣ ಇದೇ. ಎರಡೂ ಪಾಕದ ನಾಲ್ಕು ನಾಲ್ಕು ತುಂಡುಗಳನ್ನು ಮಲ್ಪೆಯಿಂದ ತಂದ ಕಡಲ ನೀರಿನಲ್ಲಿ ಮುಳುಗಿಸಿಟ್ಟೆ. ಆರು ತಿಂಗಳಿಗೆ ಒಂದೊಂದನ್ನು ಸೀಳಿ ಸಿಲ್ವರ್ ನೈಟ್ರೇಟ್ ಚಿಮುಕಿಸಿದೆವು. ಉಪ್ಪು ಹೋದಲ್ಲಿ ಬಿಳಿ, ಹೋಗದಲ್ಲಿ ಕಂದು. ಓಪಿಸಿಯ ತುಂಡಿನಲ್ಲಿ ಬಿಳಿ ಅಂಚು ಹೆಬ್ಬೆರಳಿನ ಅಗಲ, ಶೇಡಿಯದರಲ್ಲಿ ಕಿರುಬೆರಳಿನ ಉಗುರಿನಷ್ಟು. ಒಂದೊಂದೇ ತುಂಡಿನಿಂದ ಏನನ್ನೂ ಸಾಧಿಸಿ ತೋರಿಸಲಾಗದು, ಆದರೆ ಅದನ್ನು ನೋಡಿದ ಮೇಲೆ ಈ ಕೆಲಸ ಬಿಡುವ ಮಾತೇ ಇರಲಿಲ್ಲ. ಇನ್ನೊಂದು ಪಕ್ಷವನ್ನೂ ಹೇಳಬೇಕು. ಸುಣ್ಣವನ್ನು ಜೇಡಿ ತಿಂದುಬಿಡುವುದರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಇಂಥ ಕಾಂಕ್ರೀಟಿನೊಳಗೆ ಬೇಗ ಇಳಿದು, ಸರಳಿಗೆ ತುಕ್ಕು ಹಿಡಿಯಲು ದಾರಿ ಮಾಡಬಲ್ಲದು. ಆದ್ದರಿಂದ ಸರಳಿನ ಮೇಲಿನ ಹೊದಿಕೆಯಲ್ಲೂ ನೀರು ಹೊಡೆಯುವುದರಲ್ಲೂ ಜಿಪುಣತನ ಮಾಡುವ ಸೈಟಿಗೆ ಇದು ತಕ್ಕದ್ದಲ್ಲ.

ಖರ್ಚಿನ ಲೆಕ್ಕದಲ್ಲಿ ಈ ನೆಲ ಅಗ್ಗವಾಗಲಿಲ್ಲ. ಉಂಡೆ ಕಟ್ಟಿದ ಕೂಲಿ, ಆವಿಗೆ, ದ್ರವ, ಓಡಾಟ ಸೇರಿಸಿದರೆ ಚೀಲದ ಸಿಮೆಂಟಿಗಿಂತ ಮೇಲೆಯೇ ಬಿತ್ತು. ತೆರೆದ ಆವಿಗೆ ಉರುವಲನ್ನೂ ಹೆಚ್ಚು ತಿನ್ನುತ್ತದೆ, ಶಾಖದ ಬಹುಪಾಲು ಆಕಾಶಕ್ಕೆ. ಆದರೆ ನಮ್ಮ ಜಿಲ್ಲೆಗಳಲ್ಲಿ ಮುಚ್ಚಿ ಕೂತಿರುವ ಹೆಂಚಿನ ಕಾರ್ಖಾನೆಗಳಿವೆ. ಅವುಗಳಲ್ಲಿ ಜೇಡಿ ಅರೆಯುವ ಯಂತ್ರ, ಗೂಡು, ಚಿಮಣಿ ಇವೆ, ಬೆಂಕಿ ತಿಳಿದ ಕೈಗಳೂ ಇನ್ನೂ ಇವೆ. ರಸ್ತೆ ಅಗಲ ಮಾಡುವಾಗ, ಮನೆ ಜಾಗ ಸಮ ಮಾಡುವಾಗ ತೆಗೆದ ಶೇಡಿಯನ್ನು ತಂದು ಗದ್ದೆಗೋ ಹೊಳೆ ಬದಿಗೋ ಸುರಿಯುತ್ತಿದ್ದೇವೆ. ಆ ಮಣ್ಣನ್ನು 900ಕ್ಕೆ ಏರಿಸದೆ 750ರಲ್ಲಿ ಇಳಿಸಿಕೊಳ್ಳಲು ಆ ಗೂಡುಗಳಿಗೆ ಏನು ಬೇಕು ಎಂದು ಒಂದು ಕಾರ್ಖಾನೆಯ ಹಳೆಯ ಫೋರ್‌ಮನ್ ಹತ್ತಿರ ಕೂತು ಕೇಳಿದ್ದೇನೆ. ಅವರು ಕಾಗದ ತೆಗೆದುಕೊಂಡು ಗೂಡಿನ ಅಡ್ಡಕೊಯ್ತ ಬರೆದು ತೋರಿಸಿದರು.

ಕಡಲ ನೀರಿನ ಬಕೆಟಿನಲ್ಲಿ ಇನ್ನು ಆರು ತುಂಡುಗಳಿವೆ. ಎರಡನ್ನು ಬರುವ ಗದ್ದೆ ಕೊಯ್ಲಿನ ಹೊತ್ತಿಗೆ ಸೀಳಬೇಕು. ಕುಂಬಾರ ಹಿರಿಯರು ಮೊನ್ನೆ ಫೋನು ಮಾಡಿದ್ದರು. ದೀಪಾವಳಿಯ ಹಣತೆ ಸುಟ್ಟು ಮುಗಿದ ಮೇಲೆ ಆವಿಗೆ ಖಾಲಿಯಿರುತ್ತದೆ, ಜಗಲಿಗೆ ಬೇಕಾದ ಶೇಡಿಯನ್ನು ಈಗಲೇ ತಂದು ಅವರ ಮಾಡಿನಡಿ ಹರಡಿಬಿಡಬೇಕಂತೆ, ಒಣಗಲು ಅಷ್ಟಾದರೂ ದಿನ ಬೇಕು.